ಐದು ತಿಂಗಳ ಬಸುರಿ, ನಾಲ್ಕು ವರ್ಷದ ಮಗಳು: ವಂಡರ್‌ಲಾ, ಬನ್ನೇರುಘಟ್ಟ, ಮೈಸೂರು, ಯಾವುದು ಸರಿ?

ವಂಡರ್‌ಲಾದಲ್ಲಿ ಎತ್ತರ ಅಳೆಯುವ ಪಟ್ಟಿಯ ಮುಂದೆ ನನ್ನ ಮಗಳು ತುದಿಗಾಲಲ್ಲಿ ನಿಂತಿದ್ದಳು. ಆಟದ ಬಾಗಿಲಲ್ಲಿದ್ದ ಹುಡುಗಿ ನಗುತ್ತಾ ಬಗ್ಗಿ ಅವಳ ಹಿಮ್ಮಡಿಯನ್ನು ಮೆಲ್ಲಗೆ ನೆಲಕ್ಕೆ ತಾಗಿಸಿದಳು. "ಪುಟ್ಟಿ ಇನ್ನೂ ಚಿಕ್ಕವಳು, ಜೊತೆಗೆ ದೊಡ್ಡವರು ಒಬ್ಬರು ಕೂರಬೇಕು" ಅಂದಳು. ಮಗಳು ತಿರುಗಿ ನನ್ನ ಮುಖ ನೋಡಿದಳು. ಆ ಹುಡುಗಿಯೂ ನೋಡಿದಳು, ಆಮೇಲೆ ಅವಳ ಕಣ್ಣು ನನ್ನ ಹೊಟ್ಟೆಯ ಮೇಲೆ ನಿಂತಿತು. ನನಗೆ ಆಗ ಐದು ತುಂಬಿ ಆರಕ್ಕೆ ಬಿದ್ದಿತ್ತು. ಗಂಡ ಪಾರ್ಕಿನ ಆ ತುದಿಯಲ್ಲಿ ರೋಲರ್ ಕೋಸ್ಟರ್ ಕ್ಯೂನಲ್ಲಿದ್ದರು. ಅವರ ಫೋನ್ ಲಾಕರಿನಲ್ಲಿತ್ತು.

ತಪ್ಪು ನಮ್ಮದೇ. ಯಾವ ಪಾರ್ಕ್, ಟಿಕೆಟ್ ಎಷ್ಟು, ಊಟಕ್ಕೇನು ಅಂತ ಎರಡು ವಾರ ಮಾತಾಡಿದ್ದೆವು. ಮಗಳ ಪಕ್ಕ ಯಾರು ಕೂರುತ್ತಾರೆ ಅನ್ನುವುದು ಮಾತ್ರ ಒಮ್ಮೆಯೂ ಬಂದಿರಲಿಲ್ಲ.

ಎರಡನೇ ಮಗು ಹೊಟ್ಟೆಯಲ್ಲಿರುವಾಗ ಮೊದಲ ಮಗುವನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು ಅನ್ನಿಸುವುದು ಸಹಜ. ಪಾಪು ಬಂದ ಮೇಲೆ ಒಂದಷ್ಟು ಕಾಲ ಅಮ್ಮ ಪೂರ್ತಿಯಾಗಿ ಅವಳಿಗೆ ಸಿಗುವುದಿಲ್ಲ, ಅಲ್ವಾ? ಅದಕ್ಕೇ ಈ ಟ್ರಿಪ್ ಬೇಡ ಅಂತ ನಾನು ಯಾರಿಗೂ ಹೇಳುವುದಿಲ್ಲ. "ಎಲ್ಲಿಗೆ ಹೋಗಲಿ?" ಅಂತ ಕೇಳಿದವರಿಗೆ ಒಂದೇ ಪ್ರಶ್ನೆ ವಾಪಸ್ ಕೇಳುತ್ತೇನೆ: ನಿಮ್ಮನ್ನು ಬಿಟ್ಟು ಎಷ್ಟು ಜನ ದೊಡ್ಡವರು ಬರುತ್ತಾರೆ?

ಇಬ್ಬರು ಬರುತ್ತಾರೆ, ಅಂದರೆ ಗಂಡನ ಜೊತೆ ಅತ್ತೆಯೋ ತಂಗಿಯೋ ಇದ್ದಾರೆ ಅಂದರೆ, ವಂಡರ್‌ಲಾದಂಥ ದೊಡ್ಡ ಪಾರ್ಕಿಗೆ ಧೈರ್ಯವಾಗಿ ಹೋಗಬಹುದು. ಒಬ್ಬರೇ ಬರುತ್ತಾರೆ ಅಂದರೆ ಪ್ರಾಣಿಗಳಿರುವ ಕಡೆ ಹೋಗಿ. ಅಲ್ಲಿ ಮಗು ಏನನ್ನೂ ಹತ್ತಬೇಕಿಲ್ಲ, ನೋಡಿದರೆ ಸಾಕು. ನೀವೂ ಮಗುವೂ ಇಬ್ಬರೇ ಅಂದರೆ ಬೆಂಗಳೂರೊಳಗೇ ಇರಿ, ಅರ್ಧ ದಿನದಲ್ಲಿ ಮುಗಿಸಿ. ಉಳಿದದ್ದೆಲ್ಲ ಆಮೇಲೆ.

ಯಾವ ತಿಂಗಳಲ್ಲಿ ಹೊರಡಬೇಕು

ನಮ್ಮದು ತಿಂಗಳ ಲೆಕ್ಕ, ಡಾಕ್ಟರದು ವಾರದ ಲೆಕ್ಕ. 14ನೇ ವಾರದಿಂದ 28ನೇ ವಾರದವರೆಗೆ ಓಡಾಟಕ್ಕೆ ಒಳ್ಳೆಯ ಕಾಲ. ಮೊದಲ ಮೂರು ತಿಂಗಳ ವಾಂತಿ, ಸುಸ್ತು ಅಷ್ಟು ಹೊತ್ತಿಗೆ ತಗ್ಗಿರುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ. ಅದರಲ್ಲೂ 18ರಿಂದ 20ನೇ ವಾರದ ಹೊತ್ತಿಗೆ ಮಗುವಿನ ಅಂಗಾಂಗ ಸರಿಯಾಗಿ ಬೆಳೆದಿದೆಯಾ ಅಂತ ನೋಡಲು ಮಾಡುವ ಅನಾಮಲಿ ಸ್ಕ್ಯಾನ್ ಮುಗಿಸಿಕೊಂಡೇ ಹೊರಡಿ ಅನ್ನುವುದು ನನ್ನ ಸಲಹೆ. ಮಾಸು, ಅಂದರೆ ಪ್ಲಾಸೆಂಟಾ, ಎಲ್ಲಿ ಕೂತಿದೆ ಅಂತ ಆ ಸ್ಕ್ಯಾನಿನಲ್ಲಿ ಗೊತ್ತಾಗುತ್ತದೆ. ಮಾಸು ಕೆಳಗಿದ್ದರೆ, ಮುಂಚೆ ರಕ್ತ ಕಾಣಿಸಿಕೊಂಡಿದ್ದರೆ, ಬಿಪಿ ಜಾಸ್ತಿ ಇದ್ದರೆ, ಅವಳಿ ಮಕ್ಕಳಾಗಿದ್ದರೆ, ಮೊದಲ ಹೆರಿಗೆ ದಿನಕ್ಕೆ ಮುಂಚೆ ಆಗಿದ್ದರೆ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ ಮಾತು. "ಟ್ರಿಪ್ ಹೋಗಬಹುದಾ?" ಅಂತ ಸುಮ್ನೆ ಕೇಳಬೇಡಿ. ಎಷ್ಟು ದೂರ, ಎಷ್ಟು ನಡಿಗೆ, ಎಂಥ ರಸ್ತೆ ಅಂತ ಬಿಡಿಸಿ ಹೇಳಿ ಕೇಳಿ.

ಏಳು ತಿಂಗಳು ತುಂಬಿದ ಮೇಲೆ ನಾನಾಗಿದ್ದರೆ ಊರು ಬಿಟ್ಟು ಹೋಗುತ್ತಿರಲಿಲ್ಲ.

ವಂಡರ್‌ಲಾ: ಮಗುವಿಗೆ ಹಬ್ಬ, ನಿಮಗೆ ಬೆಂಚು

ಬಿಡದಿಯ ವಂಡರ್‌ಲಾ ಶುರುವಾದದ್ದು 2005ರಲ್ಲಿ. ಬೆಂಗಳೂರಿಂದ ಸುಮಾರು 28 ಕಿ.ಮೀ., ಮೈಸೂರು ರಸ್ತೆ. 80 ಎಕರೆಗಿಂತ ಜಾಸ್ತಿ ಜಾಗ, 60ರ ಮೇಲೆ ಆಟಗಳು. ಗರ್ಭಿಣಿಯರು ಹತ್ತಬಾರದ ಆಟಗಳ ಮುಂದೆ ಅದನ್ನು ಬರೆದ ಬೋರ್ಡ್ ಇರುತ್ತದೆ. ಆ ಬೋರ್ಡನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗರ್ಭಕೋಶ ಹಿಗ್ಗುವ, ಕುಗ್ಗುವ ಸ್ನಾಯು. ಅದರ ಗೋಡೆಗೆ ಅಂಟಿಕೊಂಡಿರುವ ಮಾಸು ಹಾಗೆ ಹಿಗ್ಗುವುದಿಲ್ಲ. ವೇಗದಲ್ಲಿ ಹೋಗುತ್ತಿದ್ದದ್ದು ಗಕ್ಕನೆ ನಿಂತಾಗ, ಜೋರಾಗಿ ಎಳೆದಾಗ, ಆ ಅಂಟು ಬಿಡುವ ಅಪಾಯ ಇರುತ್ತದೆ. ಕಾರಿಗೆ ಹಿಂದಿನಿಂದ ಗುದ್ದಿದರೆ ಡಾಕ್ಟರ್ ಬಂದು ತೋರಿಸಿ ಅನ್ನುವುದೂ ಇದೇ ಕಾರಣಕ್ಕೆ. ಹಾಗಾಗಿ ರೋಲರ್ ಕೋಸ್ಟರ್ ಅಷ್ಟೇ ಅಲ್ಲ, ಒಂದಕ್ಕೊಂದು ಗುದ್ದುವ ಪುಟ್ಟ ಕಾರುಗಳು, ಕುರ್ಚಿ ಕುಲುಕುವ ಸಿನಿಮಾ, ಜಾರುಬಂಡಿ ಇವೂ ಬೇಡ. "ಇದು ಮಕ್ಕಳ ಆಟ, ಏನಾಗುತ್ತೆ?" ಅನ್ನಿಸಬಹುದು. ಮಕ್ಕಳ ಆಟದಲ್ಲೂ ಕೆಲವು ಚೆನ್ನಾಗಿಯೇ ಜಗ್ಗುತ್ತವೆ.

ನೀರಿನ ಕಡೆ ನನಗೆ ಭಯ ಇರುವುದು ನೀರಿನದಲ್ಲ, ನೆಲದ್ದು. ಒದ್ದೆ ಟೈಲ್ಸ್ ಮೇಲೆ ಓಡುವ ಹುಡುಗರು ಯಾವಾಗ ಬಂದು ತಾಗುತ್ತಾರೋ ಗೊತ್ತಾಗುವುದಿಲ್ಲ. ಅಲೆಗಳ ಕೊಳದಲ್ಲಿ ಸೈರನ್ ಆದ ಕೂಡಲೇ ಎಲ್ಲರೂ ಒಟ್ಟಿಗೆ ಮುಂದೆ ನುಗ್ಗುತ್ತಾರೆ, ಅಲ್ಲಿಗೆ ಇಳಿಯಲೇಬೇಡಿ. ಮಕ್ಕಳ ಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಬಹುದು. ಊದಿಕೊಂಡ ಪಾದಕ್ಕೆ ಆ ತಣ್ಣನೆ ನೀರು ಎಷ್ಟು ಹಿತ ಅಂದರೆ, ನಾನು ಒಂದು ಗಂಟೆ ಹಾಗೇ ಕೂತಿದ್ದೆ. ನೀರಿಗೆ ಇಳಿಯುವವರಿಗೆ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯೇ ಬೇಕು ಅನ್ನುವ ನಿಯಮ ಇದೆ. ಮಗುವಿಗೆ ಮನೆಯಿಂದಲೇ ಸ್ವಿಮ್ಮಿಂಗ್ ಡ್ರೆಸ್ ಹಾಕಿಕೊಂಡು ಹೋದರೆ ಬಗ್ಗಿ ಬಟ್ಟೆ ಬದಲಿಸುವ ಕೆಲಸ ತಪ್ಪುತ್ತದೆ.

ಎರಡನೇ ಸಲ ಹೋದಾಗ ಅತ್ತೆ ಬಂದಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊಮ್ಮಗಳ ಪಕ್ಕದ ಮರದ ಕುದುರೆಯ ಮೇಲೆ ಒಂದೇ ಕಡೆಗೆ ಕಾಲು ಹಾಕಿ ಕೂತರು. ಮೊದಲ ಸುತ್ತಿನಲ್ಲಿ ಕಂಬ ಬಿಗಿಯಾಗಿ ಹಿಡಿದಿದ್ದರು. ಮೂರನೇ ಸುತ್ತಿಗೆ ಒಂದು ಕೈ ಬಿಟ್ಟು ನನ್ನ ಕಡೆ ಬೀಸಿದರು. ಅವತ್ತು ಅಜ್ಜಿ, ಮೊಮ್ಮಗಳು ಐದು ಸಲ ಹತ್ತಿದರು. ಗಂಡನಿಗೆ ಅವರ ದೊಡ್ಡ ಆಟಗಳೂ ಸಿಕ್ಕವು. ನಾನು ನೆರಳಲ್ಲಿ ಕೂತು ಬ್ಯಾಗು, ನೀರು, ಚಪ್ಪಲಿ ನೋಡಿಕೊಂಡೆ. ಯಾರಿಗೂ ಯಾರ ಮೇಲೂ ಬೇಜಾರಾಗಲಿಲ್ಲ. ಒಬ್ಬರು ಜಾಸ್ತಿ ಬಂದದ್ದಕ್ಕೇ ದಿನ ಬೇರೆ ಆಯಿತು.

ದುಡ್ಡಿನ ಮಾತೂ ಹೇಳಬೇಕು. ನೀವು ಒಂದು ಆಟವನ್ನೂ ಹತ್ತದಿದ್ದರೂ ಒಳಗೆ ಹೋಗಲು ಟಿಕೆಟ್ ಬೇಕು. ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಮೂರು ವರ್ಷದೊಳಗಿನ ಮಗುವಿಗೆ ಅಲ್ಲಿ ಹತ್ತಲು ಸಿಗುವುದೇ ಕಡಿಮೆ, ಅಂಥ ಮಗು ಇದ್ದರೆ ಆ ದುಡ್ಡು ಬೇರೆ ಕಡೆ ಖರ್ಚು ಮಾಡಿ. ನಾಲ್ಕು, ಐದು ವರ್ಷದ ಮಗುವಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಸ್ವಲ್ಪ ಜಾಸ್ತಿ ಖರ್ಚು ಮಾಡುವ ಮನಸ್ಸಿದ್ದರೆ, ಪಾರ್ಕಿಗೆ ಅಂಟಿಕೊಂಡೇ ಇರುವ ವಂಡರ್‌ಲಾ ರೆಸಾರ್ಟಿನಲ್ಲಿ ಒಂದು ರಾತ್ರಿ ಉಳಿಯುವುದನ್ನು ಯೋಚಿಸಿ. ಗರ್ಭಿಣಿಗೆ ಪಾರ್ಕಿನ ಪಕ್ಕದಲ್ಲೇ ಒಂದು ಮಂಚ, ಒಂದು ಶುಚಿಯಾದ ಟಾಯ್ಲೆಟ್ ಇರುವುದು ದೊಡ್ಡ ಸೌಕರ್ಯ. ಸುಸ್ತಾದಾಗ ನೀವು ರೂಮಿಗೆ ಹೋಗಿ ಮಲಗಬಹುದು, ಉಳಿದವರು ಆಡುತ್ತಿರಬಹುದು. ಅದೇ ದಿನ ಮೈಸೂರು ರಸ್ತೆಯ ಸಂಜೆ ಟ್ರಾಫಿಕ್ಕಿನಲ್ಲಿ ಕೂರುವುದೂ ತಪ್ಪುತ್ತದೆ.

ಬನ್ನೇರುಘಟ್ಟ: ಒಬ್ಬರೇ ಜೊತೆಗಿದ್ದರೆ ಇದೇ

ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ಮೂರು ಬೇರೆ ಬೇರೆ ವಿಷಯ ಇವೆ: ಸಫಾರಿ, ಮೃಗಾಲಯ, ಚಿಟ್ಟೆ ಪಾರ್ಕ್. ಮೂರನ್ನೂ ಒಂದೇ ದಿನ ಮುಗಿಸುವ ಹಟ ಬೇಡ. ನನ್ನ ಆಯ್ಕೆ ಮೃಗಾಲಯ ಮತ್ತು ಚಿಟ್ಟೆ ಪಾರ್ಕ್.

ಸಫಾರಿಯ ದಾರಿ ಮಣ್ಣಿನದು, ಬಸ್ಸು ಅಲ್ಲಲ್ಲಿ ಎತ್ತಿ ಹಾಕುತ್ತದೆ. ಮಗು ಕೇಳಿಯೇ ಕೇಳುತ್ತದೆ, ಹುಲಿ ನೋಡದೆ ಬರುವುದು ಹೇಗೆ? ಹಾಗಾದರೆ ಮಗುವನ್ನು ಅಪ್ಪನ ಜೊತೆ ಕಳಿಸಿ, ನೀವು ಕೆಳಗೆ ಕೂತಿರಿ. ಹೋಗಲೇಬೇಕು, ಡಾಕ್ಟರೂ ಸರಿ ಅಂದಿದ್ದಾರೆ ಅಂದರೆ ಜೀಪ್ ಬಿಡಿ, ಬಸ್ಸಿನಲ್ಲಿ ಮಧ್ಯದ ಸೀಟು ಹಿಡಿಯಿರಿ. ಹಿಂದಿನ ಸೀಟಿನಲ್ಲಿ ಕುಲುಕಾಟ ಎಷ್ಟಿರುತ್ತದೆ ಅಂತ ಬಿಎಂಟಿಸಿಯಲ್ಲಿ ಓಡಾಡಿದವರಿಗೆ ಹೇಳಬೇಕಿಲ್ಲ.

ಮೃಗಾಲಯದಲ್ಲಿ ನಿಮ್ಮ ವೇಗ ನಿಮ್ಮದು. ನಮ್ಮ ಮಗಳು ನೀರಾನೆಯ ಕೊಳದ ಮುಂದೆ ಇಪ್ಪತ್ತು ನಿಮಿಷ ನಿಂತಳು. ನೀರಿನ ಮೇಲೆ ಎರಡು ಕಿವಿ ಮಾತ್ರ ಕಾಣುತ್ತಿತ್ತು. ಕೊನೆಗೆ ಅದು ತಲೆಯೆತ್ತಿ ಬಾಯಿ ತೆರೆದಾಗ ಅವಳು ಉಸಿರು ಬಿಗಿಹಿಡಿದು ನನ್ನ ಕೈ ಒತ್ತಿದಳು. ಆ ಇಪ್ಪತ್ತು ನಿಮಿಷ ನಾನು ಕಟ್ಟೆಯ ಮೇಲೆ ಕೂತೇ ಇದ್ದೆ. ಪಾರ್ಕಿನ ಕ್ಯೂನಲ್ಲಿ ಹೀಗೆ ಕೂರಲು ಆಗುವುದಿಲ್ಲ. ಚಿಟ್ಟೆ ಪಾರ್ಕ್ 2006ರಿಂದ ಇದೆ, ದೇಶದಲ್ಲೇ ಮೊದಲನೆಯದು. ಗುಮ್ಮಟದ ಒಳಗೆ ಸ್ವಲ್ಪ ಸೆಕೆ ಇರುತ್ತದೆ, ಬೆಳಗ್ಗೆಯೇ ನೋಡಿಕೊಂಡು ಬಿಡಿ. ಕೋತಿಗಳ ಕಾಟ ಇದೆ, ಮಗುವಿನ ಕೈಯಲ್ಲಿ ಬಿಸ್ಕೆಟ್ ಕೊಟ್ಟು ನಡೆಸಬೇಡಿ. ಊಟಕ್ಕೆ ಮುಂಚೆ ಇಬ್ಬರೂ ಸೋಪು ಹಾಕಿ ಕೈ ತೊಳೆಯಿರಿ.

ಮಜೆಸ್ಟಿಕ್ಕಿನಿಂದ 365 ನಂಬರಿನ ಬಸ್ಸು ನೇರ ಹೋಗುತ್ತದೆ, ಆದರೆ ಈ ಸ್ಥಿತಿಯಲ್ಲಿ ಅದು ಉದ್ದದ ಪ್ರಯಾಣ. ಬನ್ನೇರುಘಟ್ಟ ರಸ್ತೆಯಲ್ಲಿ ಸಿಕ್ಕಿಹಾಕಿಕೊಳ್ಳುವುದಕ್ಕಿಂತ ಮುಂಚೆ, ಅಂದರೆ ಬೆಳಗ್ಗೆ ಎಂಟರೊಳಗೆ, ಕ್ಯಾಬಿನಲ್ಲಿ ದಾಟಿಬಿಡುವುದು ಮೇಲು. ಮಂಗಳವಾರ ರಜೆ, ಮರೆಯಬೇಡಿ.

ಮೈಸೂರು: ಎರಡು ದಿನ ಇದ್ದರೆ, ರೈಲಿನಲ್ಲಿ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 118 ಕಿ.ಮೀ., 2023ರ ಮಾರ್ಚಿನಲ್ಲಿ ಉದ್ಘಾಟನೆ ಆಯಿತು. ಕಾರಿನಲ್ಲಿ ಬೇಗ ಹೋಗಬಹುದು, ನಿಜ. ಆದರೆ ಗರ್ಭಿಣಿಗೆ ನಾನು ರೈಲನ್ನೇ ಹೇಳುತ್ತೇನೆ. ಕಾರಣ ಎರಡು. ರೈಲಿನಲ್ಲಿ ಟಾಯ್ಲೆಟ್ ಇದೆ. ಆರು ತಿಂಗಳಲ್ಲಿ ಅರ್ಧ ಗಂಟೆಗೊಮ್ಮೆ ಎದ್ದವರಿಗೆ ಇದರ ಬೆಲೆ ಗೊತ್ತು. ಇನ್ನೊಂದು, ಎದ್ದು ಓಡಾಡಬಹುದು. ಗರ್ಭಿಣಿಯರಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಜಾಸ್ತಿ ಇರುತ್ತದೆ, ಕಾಲು ಜೋತುಬಿಟ್ಟು ಗಂಟೆಗಟ್ಟಲೆ ಕೂರುವುದು ಒಳ್ಳೆಯದಲ್ಲ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ಎರಡರಿಂದ ಮೂರು ಗಂಟೆಯ ದಾರಿ, ಮಗುವಿಗೆ ಕಿಟಕಿಯೇ ಒಂದು ಆಟ. ರಾಮನಗರದ ಬಂಡೆಗಳು, ಮಂಡ್ಯದ ಕಬ್ಬಿನ ಗದ್ದೆ, ಶ್ರೀರಂಗಪಟ್ಟಣದ ಹತ್ತಿರ ಕಾವೇರಿ. ಮದ್ದೂರಿನಲ್ಲಿ ವಡೆ ಸಿಕ್ಕರೆ ಒಂದು ಸಾಕು, ಎಣ್ಣೆ ಎದೆಯುರಿ ತರುತ್ತದೆ.

ಮೈಸೂರಿನಲ್ಲೂ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಅನ್ನುವ ಆಟದ ಪಾರ್ಕ್ ಇದೆ, ಕೆ.ಆರ್.ಎಸ್. ರಸ್ತೆಯಲ್ಲಿ. ಅಲ್ಲಿಗೂ ವಂಡರ್‌ಲಾ ಲೆಕ್ಕವೇ. ಆದರೆ ಅದಿಲ್ಲದೆಯೇ ಮೈಸೂರಿನಲ್ಲಿ ಎರಡು ದಿನ ತುಂಬುತ್ತದೆ. ರೈಲು ನಿಲ್ದಾಣದ ಹತ್ತಿರವೇ 1979ರಿಂದ ಇರುವ ರೈಲ್ವೆ ಮ್ಯೂಸಿಯಂ ಇದೆ. ಹಳೆಯ ಉಗಿ ಎಂಜಿನ್‌ಗಳ ಮುಂದೆ ನಿಂತರೆ ಮಕ್ಕಳು ಕದಲುವುದಿಲ್ಲ. ಜಾಗ ಚಿಕ್ಕದು, ಅದೇ ಅದರ ದೊಡ್ಡ ಗುಣ. ಮೃಗಾಲಯ 1892ರದು, ಮರಗಳ ನೆರಳು ದಟ್ಟವಾಗಿದೆ. ಒಳಗೆ ನಡಿಗೆ ಮಾತ್ರ ಕಿಲೋಮೀಟರ್‌ಗಟ್ಟಲೆ, ಗೇಟಿನಲ್ಲೇ ಬ್ಯಾಟರಿ ಗಾಡಿ ಕೇಳಿ ಹತ್ತಿಬಿಡಿ. ಇಲ್ಲೂ ಮಂಗಳವಾರ ರಜೆ. ಅರಮನೆಗೆ ಹೋಗುವುದಾದರೆ ಬಗ್ಗದೆ ಬಿಚ್ಚಬಹುದಾದ ಚಪ್ಪಲಿ ಹಾಕಿಕೊಳ್ಳಿ, ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಭಾನುವಾರ ಸಂಜೆಯ ದೀಪಾಲಂಕಾರ ಮಗು ಬಾಯಿ ಬಿಟ್ಟು ನೋಡುವಂಥದ್ದು. ಒಂದೇ ಕ್ಷಣದಲ್ಲಿ ಇಡೀ ಅರಮನೆ ಹೊತ್ತಿಕೊಳ್ಳುತ್ತದೆ. ಬೃಂದಾವನದ ಮೆಟ್ಟಿಲು, ನೂಕುನುಗ್ಗಲು ಮಾತ್ರ ಈ ಸಲ ಬೇಡ.

ಒಬ್ಬರೇ ಜೊತೆಗಿದ್ದು, ಎರಡು ದಿನ ರಜೆ ಇದ್ದರೆ, ಬನ್ನೇರುಘಟ್ಟಕ್ಕಿಂತ ನಾನು ಮೈಸೂರನ್ನೇ ಆರಿಸುತ್ತೇನೆ.

ಊರೊಳಗೆ

ಯಾರೂ ಜೊತೆಗೆ ಸಿಗದಿದ್ದಾಗ, ಅಥವಾ ಏಳು ತಿಂಗಳು ದಾಟಿದ ಮೇಲೆ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ. ಸದ್ದು ಮಾಡುತ್ತಾ ತಲೆ ಅಲ್ಲಾಡಿಸುವ ಡೈನೋಸಾರ್ ಇದೆ, ಗುಂಡಿ ಒತ್ತಿದರೆ ಏನಾದರೂ ತಿರುಗುತ್ತದೆ, ಓಡುತ್ತದೆ. ನಾಲ್ಕು ವರ್ಷದವರಿಗೆ ಗುಂಡಿ ಒತ್ತುವುದೇ ಸ್ವರ್ಗ. ಪಕ್ಕದಲ್ಲೇ ಕಬ್ಬನ್ ಪಾರ್ಕ್, ಬಾಲಭವನ. ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ಮಗು ರಸ್ತೆ ನಡುವೆಯೇ ಓಡಬಹುದು. ನೇರಳೆ ಮೆಟ್ರೋದಲ್ಲಿ ಹೋದರೆ ಕಬ್ಬನ್ ಪಾರ್ಕ್ ಹೆಸರಿನದೇ ನಿಲ್ದಾಣ. ಅರ್ಧ ದಿನ, ಒಂದು ಚುರುಮುರಿ, ಮಧ್ಯಾಹ್ನದ ನಿದ್ದೆಗೆ ಮನೆ. ನಿಮ್ಮ ಆಸ್ಪತ್ರೆಯೂ ಹತ್ತಿರದಲ್ಲೇ ಇರುತ್ತದೆ.

ಡಿಸ್ನಿಲ್ಯಾಂಡ್, ಸಿಂಗಪುರ

ಕೇಳುವವರಿದ್ದಾರೆ, ಅದಕ್ಕೇ ಹೇಳುತ್ತೇನೆ. ಹಾಂಗ್‌ಕಾಂಗಿನ ಡಿಸ್ನಿಲ್ಯಾಂಡಿನಲ್ಲಿ ಗರ್ಭಿಣಿಯೂ ಮಗುವಿನ ಜೊತೆ ಕೂರಬಹುದಾದ ನಿಧಾನದ ಆಟಗಳಿವೆ, ಮೆರವಣಿಗೆ ಇದೆ, ಮಿಕ್ಕಿ ಸಿಗುತ್ತಾನೆ. ಸಿಂಗಪುರದ ಯೂನಿವರ್ಸಲ್‌ನಲ್ಲಿ ಜೋರು ಆಟಗಳೇ ಜಾಸ್ತಿ. ಚಿಕ್ಕ ಮಗು ಮತ್ತು ಬಸುರಿ ಅಂದರೆ ಮೊದಲನೆಯದೇ ಮೇಲು. ಆದರೆ ವಿಮಾನದವರು 28ರಿಂದ 32ನೇ ವಾರದ ಆಸುಪಾಸಿನಿಂದ ಡಾಕ್ಟರ್ ಪತ್ರ ಕೇಳಲು ಶುರುಮಾಡುತ್ತಾರೆ, 36 ದಾಟಿದ ಮೇಲೆ ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ. ಹೋಗುವಾಗಿನ ವಾರವಲ್ಲ, ವಾಪಸ್ ಬರುವಾಗಿನ ವಾರ ಲೆಕ್ಕ ಹಾಕಿ. ಗರ್ಭಕ್ಕೆ ಸಂಬಂಧಿಸಿದ ಖರ್ಚನ್ನು ಎಷ್ಟೋ ಟ್ರಾವೆಲ್ ಇನ್ಶೂರೆನ್ಸ್‌ಗಳು ಕೊಡುವುದಿಲ್ಲ, ಪಾಲಿಸಿ ಓದಿಯೇ ಟಿಕೆಟ್ ಮಾಡಿ. ನನ್ನನ್ನು ಕೇಳಿದರೆ, ಆ ದುಡ್ಡು ಇಟ್ಟುಕೊಂಡು ಎರಡನೇ ಮಗುವಿಗೂ ನಾಲ್ಕಾದಾಗ ನಾಲ್ವರೂ ಹೋಗಿ.

ಎಲ್ಲಿಗೆ ಹೋದರೂ

ಏಪ್ರಿಲ್, ಮೇ ಬೇಡ. ಬಿಸಿಲೂ ಜಾಸ್ತಿ, ಶಾಲೆ ರಜೆಯ ಜನವೂ ಜಾಸ್ತಿ. ನಿಮ್ಮ ಮಗು ಇನ್ನೂ ಎಲ್‌ಕೆಜಿ ಆಗಿದ್ದರೆ ಬುಧವಾರವೋ ಗುರುವಾರವೋ ಒಂದು ದಿನ ಶಾಲೆ ತಪ್ಪಿಸಿ, ಏನೂ ಮುಳುಗಿಹೋಗುವುದಿಲ್ಲ. ಬಾಯಾರುವ ಮುಂಚೆಯೇ ನೀರು ಕುಡಿಯಿರಿ. ಟಾಯ್ಲೆಟ್ಟಿಗೆ ಹೆದರಿ ನೀರು ಕುಡಿಯುವುದನ್ನು ಬಿಟ್ಟರೆ ಹೊಟ್ಟೆ ಬಿಗಿಯಲು ಶುರುವಾಗಬಹುದು. ದೊಡ್ಡ ಪಾರ್ಕುಗಳಲ್ಲಿ ಹೊರಗಿನ ತಿಂಡಿ ಸಾಮಾನ್ಯವಾಗಿ ಬಿಡುವುದಿಲ್ಲ. ಡಾಕ್ಟರ್ ಹೊತ್ತುಹೊತ್ತಿಗೆ ತಿನ್ನಲು ಹೇಳಿದ್ದರೆ ಮುಂಚೆಯೇ ಫೋನ್ ಮಾಡಿ ಕೇಳಿಕೊಳ್ಳಿ. ಕಾರಿನಲ್ಲಿ ಬೆಲ್ಟ್ ಕೆಳಪಟ್ಟಿ ಹೊಟ್ಟೆಯ ಕೆಳಗೆ, ತೊಡೆಯ ಬುಡಕ್ಕೆ ಬರಬೇಕು. ಮೇಲಿನದು ಎದೆಯ ನಡುವಿನಿಂದ ಹೊಟ್ಟೆಯ ಪಕ್ಕಕ್ಕೆ ಇಳಿಯಬೇಕು. ಹೊಟ್ಟೆಯ ಮೇಲೆ ಅಡ್ಡ ಎಳೆದುಕೊಳ್ಳಬೇಡಿ.

ಮೂರು ಗಂಟೆ ಹೊತ್ತಿಗೆ ಮಗು ಎರಡೂ ಕೈ ಮೇಲೆತ್ತಿ "ಎತ್ಕೋ" ಅನ್ನುತ್ತದೆ. ಇದು ಖಂಡಿತ ಬರುತ್ತದೆ. ನಾಲ್ಕು ವರ್ಷದ ಮಗು ಹದಿನೈದು ಕಿಲೋ ಹತ್ತಿರ ಇರುತ್ತದೆ. ಸ್ಟ್ರೋಲರ್ ಬಿಟ್ಟು ಎರಡು ವರ್ಷ ಆಗಿದ್ದರೂ ಅವತ್ತು ಅದನ್ನು ತನ್ನಿ. ಇಲ್ಲವಾದರೆ ನೀವು ಮೊದಲು ಕೂತುಕೊಳ್ಳಿ, ಅದೇ ನಿಮ್ಮ ಮೇಲೆ ಹತ್ತಿಕೊಳ್ಳಲಿ. ನಮ್ಮವಳು ಹಾಗೇ ಹತ್ತಿ, ಹೊಟ್ಟೆಗೆ ಕೆನ್ನೆ ಒತ್ತಿ ಮಲಗಿಬಿಟ್ಟಳು. ಒಳಗಿನಿಂದ ಒಂದು ಒದೆ ಬಿತ್ತು. ನಿದ್ದೆಗಣ್ಣಲ್ಲೇ "ಪಾಪು ತಳ್ತಿದೆ" ಅಂದಳು.

ತಾಯಿ ಕಾರ್ಡ್, ಕೊನೆಯ ಸ್ಕ್ಯಾನ್ ಎರಡರ ಫೋಟೋ ನಿಮ್ಮ ಫೋನಿನಲ್ಲೂ ಜೊತೆಗಿರುವವರ ಫೋನಿನಲ್ಲೂ ಇರಲಿ. ಆ ಫೋನ್ ಲಾಕರಿಗೆ ಹೋಗಬಾರದು. ರಕ್ತ ಕಂಡರೆ, ನೀರು ಸೋರಿದರೆ, ಹೊಟ್ಟೆ ಬಿಗಿದು ಬಿಗಿದು ಬಿಡುತ್ತಿದ್ದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಮಗುವಿನ ಓಡಾಟ ಕಡಿಮೆ ಅನ್ನಿಸಿದರೆ, ಇನ್ನೊಂದು ಆಟ ಮುಗಿಯಲಿ ಅಂತ ಕಾಯಬೇಡಿ. ಪಾರ್ಕಿನ ಪ್ರಥಮ ಚಿಕಿತ್ಸೆಯ ಕೋಣೆ ಎಲ್ಲಿದೆ ಅಂತ ಒಳಗೆ ಬಂದ ತಕ್ಷಣ ನೋಡಿಟ್ಟುಕೊಂಡಿರಿ, ಅಲ್ಲಿಗೆ ಹೋಗಿ, 108ಕ್ಕೆ ಫೋನ್ ಮಾಡಿಸಿ, ನಿಮ್ಮ ಡಾಕ್ಟರಿಗೂ ತಿಳಿಸಿ. ಮಗು ಅಪ್ಪನ ಜೊತೆಯೋ ಅಜ್ಜಿಯ ಜೊತೆಯೋ ಹಿಂದಿನಿಂದ ಬರುತ್ತದೆ.